ಕರೆಂಟ್ ಬೇಡದ ಪಂಪ್: ಅಡ್ವಾನ್ಸ್ ಕೊಡೋ ಮುಂಚೆ ಈ ಲೆಕ್ಕ ನೋಡಿ

ಮದ್ದೂರಿನ ಅಣ್ಣ, ನೀವು ಹಾಕಿದ ವಿಡಿಯೊ ಪೂರ್ತಿ ನೋಡಿದೆ. ಮೇಲಿನ ಟ್ಯಾಂಕಿನ ನೀರು ಬಿದ್ದು ಟರ್ಬೈನ್ ತಿರುಗುತ್ತೆ, ಆ ಕರೆಂಟಲ್ಲಿ ಮೋಟರ್ ಓಡಿ ಅದೇ ನೀರನ್ನ ಮತ್ತೆ ಮೇಲಕ್ಕೆ ಏರಿಸುತ್ತೆ, ಮಿಕ್ಕ ಕರೆಂಟು ತೋಟಕ್ಕೆ ಅಂತ ಪಂಪ್ ಮಾರೋರು ಹೇಳ್ತಾರೆ. ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. ಇದು ನಡೆಯೋ ಮಾತಲ್ಲ.

ಒಂದು ಲೀಟರ್ ನೀರು ಒಂದು ಮೀಟರ್ ಇಳಿದರೆ ಸಿಗೋ ಶಕ್ತಿ 9.8 ಜೂಲ್. 10 ಮೀಟರ್ ಎತ್ತರದ ಸಾವಿರ ಲೀಟರ್ ಟ್ಯಾಂಕ್ ಖಾಲಿಯಾದರೆ 98,000 ಜೂಲ್. ಕರೆಂಟ್ ಮೀಟರಿನ ಒಂದು ಯೂನಿಟ್ ಅಂದ್ರೆ 36 ಲಕ್ಷ ಜೂಲ್. ಏನೂ ನಷ್ಟ ಇಲ್ಲ ಅಂದುಕೊಂಡರೂ ಅಂಥ 36 ಟ್ಯಾಂಕ್ ಬರಿದಾದ ಮೇಲೂ ಒಂದು ಯೂನಿಟ್ ತುಂಬಲ್ಲ.

ನಷ್ಟ ಅಂತೂ ಇದ್ದೇ ಇರುತ್ತೆ. ಸೆಕೆಂಡಿಗೆ 5 ಲೀಟರಿನಂತೆ 10 ಮೀಟರ್ ಏರಿಸೋಕೆ ನೀರಿಗೆ ಸೇರಬೇಕಾದ್ದು 490 ವ್ಯಾಟ್. ಪಂಪು, ಮೋಟರ್ ಸೇರಿ ಅರ್ಧದಷ್ಟು ದಕ್ಷತೆ ಅಂತ ಹಿಡಿದರೆ 980 ವ್ಯಾಟ್ ಕರೆಂಟ್ ಬೇಕು. ಅದೇ ನೀರು ಇಳಿಯುವಾಗ ಟರ್ಬೈನು, ಡೈನಮೋ ಸೇರಿ ನೂರಕ್ಕೆ 60 ಕೊಟ್ಟರೂ ಬರೋದು 294 ವ್ಯಾಟ್. ಉಳಿದದ್ದನ್ನ ಯಾರು ಕೊಡ್ತಾರೆ?

'ಹೈಡ್ರಾಲಿಕ್ ಒತ್ತಡದಿಂದ ಬಲ ಹತ್ತು ಪಟ್ಟು' ಅಂತ ಹೇಳ್ತಾರಲ್ಲ, ಅದು ಅರ್ಧ ನಿಜ. ಜ್ಯಾಕ್ ಹಾಕಿ ಟ್ರ್ಯಾಕ್ಟರ್ ಎತ್ತಿದ್ದೀರಲ್ಲ: ಹಿಡಿಯನ್ನ ಎಷ್ಟು ಸಲ ಒತ್ತಿದರೆ ಎಷ್ಟು ಮೇಲೇಳುತ್ತೆ? ಬಲ ಹತ್ತು ಪಟ್ಟಾದರೆ ಏರೋ ದೂರ ಹತ್ತರಲ್ಲಿ ಒಂದು ಪಾಲಾಗುತ್ತೆ. ಶಕ್ತಿ ಬೆಳೆಯಲ್ಲ.

ನಮ್ಮ ಶಿವನಸಮುದ್ರದಲ್ಲಿ 1902ರಿಂದ ನೀರಿನಿಂದ ಕರೆಂಟ್ ತೆಗೀತಿದ್ದಾರೆ, ನಿಜ. ಅಲ್ಲಿ ಇಳಿದ ಕಾವೇರಿಯನ್ನ ಯಾರೂ ಮತ್ತೆ ಮೇಲೆತ್ತಲ್ಲ. ನೀರನ್ನ ಮೇಲಕ್ಕೆ ಒಯ್ಯೋದು ಬಿಸಿಲು, ಮಳೆ. ಕರೆಂಟಿಲ್ಲದೆ ನೀರೆತ್ತೋ ರ‍್ಯಾಮ್ ಪಂಪ್ ಕೂಡ ನಿಜವೇ. ಆದರೆ ಅದು ಹರಿದು ಬರೋ ನೀರಲ್ಲಿ ಹೆಚ್ಚಿನ ಪಾಲನ್ನ ಕೆಳಗೆ ಬಿಟ್ಟು ಸ್ವಲ್ಪವನ್ನಷ್ಟೇ ಏರಿಸುತ್ತೆ.

ಒಂದು ಗಂಟೆ ಡೆಮೊ ನೋಡಿ ನಂಬಬೇಡಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಒಂದನ್ನ ಬಚ್ಚಿಟ್ಟರೆ 200 ವ್ಯಾಟ್ ಲೋಡ್ ಏಳೆಂಟು ಗಂಟೆ ಓಡುತ್ತೆ. ಹೊರಗಿನ ವೈರ್ ಎಲ್ಲ ಕಿತ್ತು, ಪೆಟ್ಟಿಗೆ ಬಿಚ್ಚಿಟ್ಟು, ಹೀಟರ್ ಲೋಡ್ ಹಾಕಿ, ನಿಮ್ಮ ಹೊಲದಲ್ಲೇ ಒಂದು ವಾರ ಓಡಿಸಿ ಅನ್ನಿ. 'ಪೇಟೆಂಟ್‌ಗೆ ಹಾಕಿದ್ದೀವಿ' ಅಂದ್ರೂ ಬಗ್ಗಬೇಡಿ. ಅರ್ಜಿ ಯಾರು ಬೇಕಾದರೂ ಹಾಕಬಹುದು. ಪ್ರಕೃತಿ ನಿಯಮಕ್ಕೆ ಸ್ಪಷ್ಟವಾಗಿ ವಿರುದ್ಧವಾದದ್ದಕ್ಕೆ ಪೇಟೆಂಟ್ ಇಲ್ಲ ಅಂತ 1970ರ ಪೇಟೆಂಟ್ ಕಾಯ್ದೆಯ 3ನೇ ಕಲಮೇ ಹೇಳುತ್ತೆ.

ರಾತ್ರಿ ಹೊತ್ತು ತ್ರೀಫೇಸ್ ಕಾಯೋ ಕಷ್ಟ ನನಗೂ ಗೊತ್ತು, ಅದಕ್ಕೇ ಇಷ್ಟು ಬರೆದೆ. ಬೋರ್ ಎಷ್ಟು ಅಡಿ, ಎಷ್ಟು ಇಂಚು ನೀರು, ಎಷ್ಟು ಎಕರೆ ಕಬ್ಬು ಅಂತ ಇಲ್ಲೇ ಹಾಕಿ. ಸೋಲಾರ್‌ಗೆ ಹೋದರೆ ಎಷ್ಟು ಎಚ್‌ಪಿ ಬೇಕಾಗುತ್ತೆ ಅಂತ ಲೆಕ್ಕ ಹಾಕಿ ಕೊಡ್ತೀನಿ.