ಓದುಗರ ಪ್ರಶ್ನೆ: ಮೂರು ಮೆಟ್ಟಿಲಿಗೆ ಎಷ್ಟುದ್ದದ ರ‍್ಯಾಂಪ್ ಬೇಕು?

ಪ್ರಶ್ನೆ: ಪಾರ್ಶ್ವವಾಯು ಆದಮೇಲೆ ಅಮ್ಮ ಗಾಲಿಕುರ್ಚಿಯಲ್ಲೇ ಓಡಾಡಬೇಕಾಗಿದೆ. ಜಗಲಿಗೆ 6 ಇಂಚಿನ ಮೂರು ಮೆಟ್ಟಿಲಿವೆ. ಸ್ಕೂಟರ್‌ಗೆ ಮಾಡುವ ಹಾಗೆ 6 ಅಡಿ ಇಳಿಜಾರು ಸಾಕು ಎನ್ನುತ್ತಾರೆ ಮೇಸ್ತ್ರಿ. ಮನೆ ಗೋಡೆಯಿಂದ ಕಾಂಪೌಂಡಿಗೆ 16 ಅಡಿ ಅಂಗಳ, ಜಗಲಿಯ ಪಕ್ಕಕ್ಕೆ 18 ಅಡಿ ಖಾಲಿ ಜಾಗ ಇದೆ. ಹೊಸ್ತಿಲನ್ನೂ ಕೀಳಿಸಬೇಕೆ?

ಉತ್ತರ: 6 ಅಡಿ ಖಂಡಿತ ಸಾಲದು, 18 ಅಡಿ ಬೇಕು. ಎತ್ತರ ಒಂದು ಇಂಚಾದರೆ ಉದ್ದ ಒಂದು ಅಡಿ. 1:12 ಎನ್ನುವುದು ಇದನ್ನೇ. ಅದು ಕಡಿದಿನ ಕೊನೆಯ ಮಿತಿ, ಜಾಗವಿದ್ದರೆ ಇನ್ನೂ ಉದ್ದ ಮಾಡಿ. ಅಮ್ಮ, ಕುರ್ಚಿ ಸೇರಿ 80 ಕೆಜಿ ಎಂದುಕೊಳ್ಳಿ. 18 ಅಡಿ ರ‍್ಯಾಂಪಿನಲ್ಲಿ ತಳ್ಳುವವರ ಕೈಗೆ ಸುಮಾರು 7 ಕೆಜಿ ಭಾರ ಬೀಳುತ್ತದೆ. 6 ಅಡಿಯದರಲ್ಲಿ 19 ಕೆಜಿಗೂ ಹೆಚ್ಚು. ಹತ್ತಿಸುವಾಗ ಮುಂದಿನ ಚಿಕ್ಕ ಗಾಲಿ ಮೇಲೆದ್ದು ಕುರ್ಚಿ ಹಿಂದಕ್ಕೆ ಮಗುಚಬಹುದು.

ಮೆಟ್ಟಿಲು ಅಳೆದು ಲೆಕ್ಕ ಹಾಕಬೇಡಿ. ಅಂಗಳ ಗೇಟಿನ ಕಡೆ ಇಳಿದಿರುವುದೇ ಹೆಚ್ಚು. ರ‍್ಯಾಂಪ್ ಮುಗಿಯುವ ಜಾಗದಿಂದ ಜಗಲಿಗೆ ನೀರಿನ ಟ್ಯೂಬ್ ಹಿಡಿಸಿ ನೋಡಿ. 21 ಇಂಚು ಬಂದರೆ ಉದ್ದ 21 ಅಡಿ ಆಗಬೇಕು.

18 ಇಂಚೇ ಬಂದರೆ ನಿಮ್ಮ ಜಾಗಕ್ಕೆ ಎಲ್ ಆಕಾರ ಹೊಂದುತ್ತದೆ. ಜಗಲಿಯ ಪಕ್ಕದಿಂದ ಗೋಡೆಗುಂಟ 12 ಅಡಿ ಇಳಿಸಿ, ಮೂಲೆಯಲ್ಲಿ 5 ಅಡಿ ಚೌಕದ ಸಮತಟ್ಟು ಬಿಟ್ಟು, ಕಾಂಪೌಂಡಿನ ಕಡೆ ತಿರುಗಿಸಿ ಇನ್ನು 6 ಅಡಿ ಇಳಿಸಿ. ಕೆಳಗೆ ಕುರ್ಚಿ ತಿರುಗಲು 5 ಅಡಿ ಉಳಿಯುತ್ತದೆ. ಜಗಲಿಯ ಮೇಲೂ ಅಷ್ಟೇ ಸಮತಟ್ಟು ಇರಲಿ. ಇಲ್ಲದಿದ್ದರೆ ಬಾಗಿಲು ತೆಗೆಯುವಾಗ ಕುರ್ಚಿ ಇಳಿಜಾರಿನಲ್ಲೇ ನಿಲ್ಲಬೇಕಾಗುತ್ತದೆ. ಅಗಲ 4 ಅಡಿ, ಅಂಚಿಗೆ 4 ಇಂಚಿನ ಕಟ್ಟೆ, ಎರಡೂ ಬದಿ 30 ಮತ್ತು 36 ಇಂಚು ಎತ್ತರದಲ್ಲಿ ಹಿಡಿಕೆ ಪೈಪು.

ಕಾಂಕ್ರೀಟು ಹಸಿ ಇರುವಾಗಲೇ ಪರೀಕ್ಷಿಸಿ. 4 ಅಡಿ ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ಮೇಲ್ಭಾಗದಲ್ಲಿಟ್ಟು ರಸಮಟ್ಟದಿಂದ ಸಮ ಮಾಡಿ. ಇನ್ನೊಂದು ತುದಿಯ ಕೆಳಗೆ 4 ಇಂಚು ಸಂದು ಇರಬೇಕು. 5 ಬಂದರೆ ಅಲ್ಲಿ ಕಡಿದಾಗಿದೆ, ಆಗಲೇ ಸರಿಮಾಡಿಸಿ.

ಸ್ಕೂಟರ್ ಇಳಿಜಾರಿಗೆ ಹಾಕುವ ದಪ್ಪ ಸಿಮೆಂಟ್ ದಿಂಡುಗಳು ಬೇಡವೇ ಬೇಡ. ಚಿಕ್ಕ ಗಾಲಿ ಅವಕ್ಕೆ ತಗುಲಿ ಗಕ್ಕನೆ ನಿಂತರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಟೈಲ್ಸು, ಪಾಲಿಶ್ ಗ್ರಾನೈಟು ಮಳೆಯಲ್ಲಿ ಜಾರುತ್ತವೆ. ಗಾರೆ ಬಿಗಿಯುವ ಮುನ್ನ ಅಡ್ಡಡ್ಡಲಾಗಿ ಪೊರಕೆ ಎಳೆದರೆ ಸಾಕು. ಕೆಳತುದಿಯನ್ನು ತೆಳುವಾಗಿ ಸವರಿ ಬಿಟ್ಟರೆ ಬೇಗ ಒಡೆದು ಅರ್ಧ ಇಂಚಿನ ತಡೆಯಾಗುತ್ತದೆ. ಅಂಗಳವನ್ನು ಅಲ್ಲಿ 3–4 ಇಂಚು ಅಗೆದು ಕಾಂಕ್ರೀಟನ್ನು ಒಳಗೆ ಇಳಿಸಿ, ಮೇಲ್ಮೈ ಸಮ ಮಾಡಿ.

ಹೊಸ್ತಿಲು ಕೀಳಿಸಬೇಕಿಲ್ಲ. ಅದು 2 ಇಂಚಿದ್ದರೆ ಒಳಗೂ ಹೊರಗೂ 2 ಅಡಿ ಉದ್ದದ ಮರದ ಇಳಿಜಾರು ಹಲಗೆ ಅಲ್ಲಾಡದಂತೆ ಕೂರಿಸಿ. ಪೂಜೆಯ ದಿನ ತೆಗೆದಿಡಬಹುದು. ಹೊರಗಿನ ಹಲಗೆ ಜಗಲಿಯ ಜಾಗ ತಿನ್ನುತ್ತದೆ; ಅದನ್ನು ಬಿಟ್ಟು 5 ಅಡಿ ಸಮತಟ್ಟು ಉಳಿಯುವಂತೆ ಈಗಲೇ ನೋಡಿಕೊಳ್ಳಿ.