3ನೇ ತರಗತಿಯ ಮಗನಿಗೆ ಓದು, ಲೆಕ್ಕ ಎರಡೂ ಹತ್ತುತ್ತಿಲ್ಲ. ಆಲಸ್ಯವೋ, ಡಿಸ್ಲೆಕ್ಸಿಯಾವೋ?

ವಿಜಯಪುರದಿಂದ ಕೇಳಿದ್ದೀರಿ. ಮಗ ಮಾತಿನಲ್ಲಿ ಚುರುಕು, ಕ್ರಿಕೆಟ್ ಸ್ಕೋರ್ ಎಲ್ಲ ಬಾಯಲ್ಲೇ ಇರುತ್ತದೆ. ಪುಸ್ತಕ ಹಿಡಿದರೆ ಮಾತ್ರ ಒಂದೊಂದು ಅಕ್ಷರಕ್ಕೂ ಎಡವುತ್ತಾನೆ, 34ರಲ್ಲಿ 18 ಕಳೆ ಅಂದರೆ 24 ಬರೆಯುತ್ತಾನೆ. ಸಾಲಿಯಲ್ಲಿ ಆಲಸಿ ಅಂತಾರೆ, ಮನೆಯಲ್ಲಿ ಅಜ್ಜ ‘ದೊಡ್ಡಾಂವ ಆದ್ರ ಬರತೈತಿ ಬಿಡು’ ಅಂತಾರೆ. ಇದು ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದ ಕಲಿಕಾ ನ್ಯೂನತೆ ಇರಬಹುದೇ, ಯಾರಿಗೆ ತೋರಿಸಬೇಕು ಅಂತ ನಿಮ್ಮ ಪ್ರಶ್ನೆ.

ನಾನು ಬಾಗಲಕೋಟೆ ಜಿಲ್ಲೆಯ ಹುನಗುಂದ ಕಡೆಯ ಒಂದು ಸರಕಾರಿ ಶಾಲೆಯ ಅಕ್ಕೋರು. 14 ವರ್ಷದ ನೌಕರಿಯಲ್ಲಿ ಹೆಚ್ಚಿನ ಕಾಲ ಸಣ್ಣ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ತರಗತಿಯಲ್ಲೇ ಕಳೆದಿದ್ದೇನೆ. ಡಾಕ್ಟರಲ್ಲ, ಹಾಗಾಗಿ ನಿಮ್ಮ ಮಗನಿಗೆ ಡಿಸ್ಲೆಕ್ಸಿಯಾ ಇದೆ ಅಥವಾ ಇಲ್ಲ ಅಂತ ಇಲ್ಲಿ ಕೂತು ಹೇಳಲಾರೆ. ಆದರೆ ಅಜ್ಜನ ಮಾತು ಕೇಳಿ ಕಾಯಬೇಡಿ. ಪರೀಕ್ಷೆ, ಸರ್ಟಿಫಿಕೇಟು ಅವುಗಳ ಪಾಡಿಗೆ ನಡೆಯಲಿ. ಅವನು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಅನ್ನುವುದನ್ನು ಈ ವಾರ ನೀವೇ ಮನೆಯಲ್ಲಿ ಕಂಡುಹಿಡಿಯಬಹುದು.

ಮೊದಲು ಕಣ್ಣು, ಕಿವಿ. ನೌಕರಿಗೆ ಸೇರಿದ ಮೂರನೆಯ ವರ್ಷ ಒಬ್ಬ ಹುಡುಗನಿಗೆ ದಿನಾ ‘ಲಕ್ಷ್ಯ ಎಲ್ಲೈತೋ ನಿಂದು?’ ಅಂತ ಬೈಯುತ್ತಿದ್ದೆ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬಂದ ಆರ್‌ಬಿಎಸ್‌ಕೆ (ಸರಕಾರದ ಮಕ್ಕಳ ಆರೋಗ್ಯ ಯೋಜನೆ) ಡಾಕ್ಟರು ನೋಡಿದರೆ ಅವನ ಎರಡೂ ಕಿವಿ ಸೋರುತ್ತಿದ್ದವು. ‘ಕ’ ಮತ್ತು ‘ಗ’ದ ಫರಕೇ ಆ ಮಗುವಿಗೆ ಕೇಳಿಸುತ್ತಿರಲಿಲ್ಲ. ಇವತ್ತಿಗೂ ನೆನಪಾದರೆ ನಾಚಿಕೆಯಾಗುತ್ತದೆ. ಹಾಗೆಯೇ ಮಗ ಎಷ್ಟು ದಿನ ಶಾಲೆ ತಪ್ಪಿಸಿದ್ದಾನೆ ಅಂತಲೂ ಲೆಕ್ಕ ಹಾಕಿ. ದುಡಿಯಲು ಗೋವಾ ಕಡೆ ಹೋಗುವ ತಂದೆ-ತಾಯಿಯ ಜೊತೆ ನಾಲ್ಕೈದು ತಿಂಗಳು ಹೋಗಿಬಂದ ಮಗು ಹಿಂದೆ ಬಿದ್ದರೆ ಅದಕ್ಕೆ ಬೇಕಾದದ್ದು ಬಿಟ್ಟುಹೋದ ಪಾಠ, ರೋಗದ ಹೆಸರಲ್ಲ.

ಇನ್ನು ಓದು. ನಮ್ಮ ಮಕ್ಕಳ ಬಾಯಿಪಾಠ ಜಬರ್ದಸ್ತ್, ಅದಕ್ಕೇ ಎಷ್ಟೋ ಮಕ್ಕಳ ತೊಂದರೆ 3ನೇ ತರಗತಿವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಳೆದ ವರ್ಷ ಒಬ್ಬ ಹುಡುಗಿ ಬೆರಳಿಟ್ಟು ಪದ್ಯವನ್ನು ಸರಾಗವಾಗಿ ಓದಿದಳು. ಬಗ್ಗಿ ನೋಡಿದೆ, ಬಾಯಿ ಕೊನೆಯ ಸಾಲಿನಲ್ಲಿದೆ, ಬೆರಳು ಎರಡು ಸಾಲು ಮೇಲೆ. ಆದ್ದರಿಂದ ಪಾಠ ಓದಿಸಬೇಡಿ. ಸಾಲಿನ ನಡುವಿನ ಒಂದು ಪದಕ್ಕೆ ಬೆರಳಿಟ್ಟು ಕೇಳಿ. ಆಮೇಲೆ ಅರ್ಥವೇ ಇಲ್ಲದ ಪದ ಬರೆದುಕೊಡಿ: ಗಮುಟೆ, ರಿಸೋಲ, ತಕ್ಕುಪಿ. ಇಲ್ಲಿ ನೆನಪಿನಿಂದ ಹೇಳಲು ಬರುವುದಿಲ್ಲ, ಓದಲೇಬೇಕು. ಅವನು ಏನು ಹೇಳಿದನೋ ಅದನ್ನೇ, ತಿದ್ದದೆ, ಬರೆದಿಟ್ಟುಕೊಳ್ಳಿ.

ಹತ್ತು-ಹದಿನೈದು ಪದವಾದ ಮೇಲೆ ಒಂದು ಚಿತ್ರ ಸಿಗುತ್ತದೆ. ಬಿಡಿ ಅಕ್ಷರದಲ್ಲೇ ದ, ಧ, ಥ ಕಲೆಸುತ್ತಾನೋ, ಮ ಮತ್ತು ಯ ಅದಲುಬದಲು ಮಾಡುತ್ತಾನೋ, ಕಾಗುಣಿತದ ದೀರ್ಘ ನುಂಗುತ್ತಾನೋ, ಒತ್ತಕ್ಷರ ಬಂದಾಗ ಮಾತ್ರ ನಿಲ್ಲುತ್ತಾನೋ? ‘ಸೂರ್ಯ’ ಪದವನ್ನೇ ನೋಡಿ. ನಾಲಿಗೆಗೆ ‘ರ್’ ಮೊದಲು, ಆದರೆ ಕಣ್ಣಿಗೆ ಆ ಅರ್ಕಾವತ್ತು ಸಿಗುವುದು ‘ಯ’ ದಾಟಿದ ಮೇಲೆ. ಕಣ್ಣಿಗೆ ಕಂಡ ಹಾಗೇ ಓದುವ ಮಗು ‘ಸೂಯ್ರ’ ಅನ್ನುತ್ತದೆ. ಈ ವಯಸ್ಸಿನಲ್ಲಿ ಬಹಳ ಮಕ್ಕಳು ಇಲ್ಲಿ ಎಡವುತ್ತಾರೆ, ಇದೊಂದನ್ನೇ ಹಿಡಿದು ಗಾಬರಿಯಾಗಬೇಡಿ. ನನಗೆ ಕಳವಳ ಹುಟ್ಟಿಸುವುದು ಬೇರೆ: ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಥರ ಓದುವುದು, ನಿನ್ನೆ ಗಟ್ಟಿಯಾಗಿ ಬಂದ ಅಕ್ಷರ ಇವತ್ತು ಹೊಸದೆಂಬಂತೆ ನೋಡುವುದು, ಎರಡು ತಿಂಗಳು ದಿನಾ ಕೂಡಿಸಿಕೊಂಡು ಹೇಳಿಕೊಟ್ಟರೂ ಇದ್ದಲ್ಲೇ ಇರುವುದು.

ಪುಸ್ತಕವಿಲ್ಲದೆಯೂ ಒಂದು ನೋಡಿ. ಬೈಕ್ ಮೇಲೆ ಹೋಗುವಾಗ ‘ಕಮಲದಾಗಿನ ಮ ತೆಗದ್ರ ಏನ ಉಳೀತೈತಿ?’ ಅಂತ ಕೇಳಿ. ‘ಕಲ’ ಅನ್ನಬೇಕು. ಪದವನ್ನು ಕಿವಿಯಲ್ಲೇ ಒಡೆಯಲು ಬರದಿದ್ದರೆ ಕಾಗದದ ಮೇಲೆ ಕೂಡಿಸುವುದೂ ಕಷ್ಟವೇ. ಅಂಗನವಾಡಿ ವಯಸ್ಸಿನಲ್ಲೇ ಇದರ ಸುಳಿವು ಸಿಗುತ್ತದೆ: ಮಾತು ತಡವಾಗಿ ಬಂದದ್ದು, ಪ್ರಾಸ ಹಿಡಿಯಲು ಬಾರದ್ದು, ವಾರದ ಹೆಸರು ಎಷ್ಟು ಸಲ ಹೇಳಿಕೊಟ್ಟರೂ ಕಲೆಸಿಹೋಗುವುದು. ಮನೆತನದಲ್ಲಿ ಅಪ್ಪನಿಗೋ ಕಾಕಾನಿಗೋ ಇದೇ ಪಾಡಿತ್ತೇ ಅಂತಲೂ ನೆನಪು ಮಾಡಿಕೊಳ್ಳಿ, ಇದು ವಂಶದಲ್ಲಿ ಬರುವುದುಂಟು.

ಈಗ ಆ 24. ನಿಮ್ಮ ಮಗ 8ರಲ್ಲಿ 4 ಕಳೆದಿದ್ದಾನೆ, 3ರಲ್ಲಿ 1 ಕಳೆದಿದ್ದಾನೆ. ದೊಡ್ಡದರಲ್ಲಿ ಸಣ್ಣದು ಕಳೆಯಬೇಕು ಅಂತ ಯಾರೋ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಇದನ್ನು ಆಲಸ್ಯ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವನಿಗೆ 34 ಅಂದರೆ ಪಕ್ಕಪಕ್ಕ ಕೂತ 3 ಮತ್ತು 4, ಅಷ್ಟೇ. ಕಸಬರಿಗಿಯ ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ. ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ ಅವನ ಕೈಗೆ ಕೊಟ್ಟು ‘ನನಗ 18 ಕೊಡು’ ಅನ್ನಿ. ಒಂದು ಕಟ್ಟು ಕೊಡುತ್ತಾನೆ, ನಾಲ್ಕು ಬಿಡಿ ಕೊಡುತ್ತಾನೆ, ಆಮೇಲೆ ನಿಲ್ಲುತ್ತಾನೆ. ಆಗ ಬಾಯಿ ಹಾಕಬೇಡಿ, ಕಾಯಿರಿ. ಕಟ್ಟು ಬಿಚ್ಚಬೇಕು ಅಂತ ತಾನಾಗಿ ಹೊಳೆದ ಮಗುವಿಗೆ ‘ಸಾಲ ತಗೊಳ್ಳೋದು’ ಅಂದರೇನು ಅಂತ ಮತ್ತೆ ಹೇಳಬೇಕಿಲ್ಲ. ಒಂದು ವಾರ ಕಡ್ಡಿ, ಆಮೇಲೆ ಕಡ್ಡಿಯ ಚಿತ್ರ, ಕೊನೆಗೆ ಬರೀ ಅಂಕಿ. ಗಣಿತ ಕಲಿಕಾ ಆಂದೋಲನ ಅನ್ನುವ ಕಾರ್ಯಕ್ರಮದ ಕಲಿಕಾ ಸಾಮಗ್ರಿಯ ಪೆಟ್ಟಿಗೆ ಸರಕಾರಿ ಶಾಲೆಗಳಿಗೆ ಬಂದದ್ದು ಇಂಥ ಕೆಲಸಕ್ಕೇ. ಕೆಲವು ಕಡೆ ಅದು ಬೀರುವಿನಲ್ಲೇ ಭದ್ರವಾಗಿದೆ, ಆ ಮಾತು ಬೇರೆ.

ಕಡ್ಡಿಯಿಂದಲೂ ಆಗದಿದ್ದರೆ ಇನ್ನೂ ಹಿಂದೆ ಹೋಗಿ. ನಾಲ್ಕು ಹುಣಸೆಬೀಜ ಚೆಲ್ಲಿ, ಎಣಿಸದೆ ಎಷ್ಟು ಅಂತ ಕೇಳಿ. 7ಕ್ಕೆ ಒಂದು ಸೇರಿಸು ಅಂದರೆ 8 ಅನ್ನುತ್ತಾನೋ, ಮತ್ತೆ ಒಂದರಿಂದ ಶುರು ಮಾಡುತ್ತಾನೋ ನೋಡಿ. ಎಂಟು ವರ್ಷದ ಮಗು ಇಲ್ಲೇ ತಡಕಾಡಿದರೆ ಅದು ಡಿಸ್ಕ್ಯಾಲ್ಕುಲಿಯಾ, ಅಂದರೆ ಗಣಿತದ ಕಲಿಕಾ ನ್ಯೂನತೆ ಆಗಿರುವ ಸಾಧ್ಯತೆ ಇದೆ, ತಜ್ಞರಿಗೆ ತೋರಿಸಲೇಬೇಕು.

ಮನೆಮಾತು ಏನು ಅಂತ ನೀವು ಬರೆದಿಲ್ಲ. ಉರ್ದು ಅಥವಾ ಮರಾಠಿ ಆಗಿದ್ದರೆ ಒಂದು ಮಾತು. ಕನ್ನಡದ ‘ಇಪ್ಪತ್ತೈದು’ ಹತ್ತನ್ನು ಮೊದಲು ಹೇಳುತ್ತದೆ, ಮರಾಠಿಯ ‘ಪಂಚವೀಸ’ ಐದನ್ನು ಮೊದಲು ಹೇಳುತ್ತದೆ. ಬೆಳಗಾವಿಯಲ್ಲಿ ಕನ್ನಡ ಶಾಲೆಗೆ ಬರುವ ಮರಾಠಿ ಮನೆಯ ಮಕ್ಕಳು 25 ಅಂದರೆ 52 ಬರೆಯುವುದನ್ನು ಅಲ್ಲಿ ಕಲಿಸುವ ನನ್ನ ಗೆಳತಿ ಎಷ್ಟೋ ಸಲ ನೋಡಿದ್ದಾಳೆ. ಅಂಥ ತಪ್ಪಿಗೆ ಮದ್ದು ಬೇರೆ.

ಯಾರಿಗೆ ತೋರಿಸಬೇಕು ಅಂದಿರಲ್ಲ. ಮೊದಲು ತರಗತಿ ಶಿಕ್ಷಕರಿಗೆ, ಬಾಯಿಮಾತಲ್ಲಿ ಬೇಡ, ಅರ್ಜಿ ಬರೆದುಕೊಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಗುರುತಿಸಿದ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು; ಡಿಸ್ಲೆಕ್ಸಿಯಾ, ಡಿಸ್ಕ್ಯಾಲ್ಕುಲಿಯಾ ಎರಡೂ ಇದರಲ್ಲೇ ಬರುತ್ತವೆ. ಅದನ್ನು ಆದಷ್ಟು ಬೇಗ ಪತ್ತೆ ಹಚ್ಚಿ ತಕ್ಕ ಹಾಗೆ ಕಲಿಸುವುದು ಶಾಲೆಯ ಕರ್ತವ್ಯ ಅಂತ 16ನೇ ಕಲಂ ಹೇಳುತ್ತದೆ. ಸರಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದು ಅನ್ವಯ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಕರು ಇರುತ್ತಾರೆ, ಅವರನ್ನೂ ಕಾಣಿ. ಪೂರ್ಣ ಪರೀಕ್ಷೆಗೆ ನಮ್ಮ ಭಾಗದವರು ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವುದುಂಟು. ಒಂದು ದಿನ ಪೂರ್ತಿ ಹೋಗುತ್ತದೆ, ಬುತ್ತಿ ಕಟ್ಟಿಕೊಂಡೇ ಹೊರಡಿ. ಬುದ್ಧಿಮಟ್ಟವನ್ನೂ ಓದು-ಬರಹ-ಗಣಿತವನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಸರ್ಟಿಫಿಕೇಟು ಕೊಡುವುದು 8 ವರ್ಷ ತುಂಬಿದ ಮೇಲೆ. ಅದಿದ್ದರೆ ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಬರೆಯುವ ಸಹಾಯಕರು ಇಂಥ ಸೌಲಭ್ಯ ಕೇಳಬಹುದು. ಅಂದಹಾಗೆ, ಓದು ಬರಲಿ ಅಂತ ಬುದ್ಧಿಯ ಟಾನಿಕ್ ಕೊಡುವವರ ಕಡೆ ತಲೆಹಾಕಬೇಡಿ.

ಟ್ಯೂಷನ್‌ಗೆ ಹಾಕಲೇ ಅಂತಲೂ ಕೇಳಿದ್ದೀರಿ. ಅಲ್ಲಿ ಅದೇ ಪಾಠವನ್ನು ಐದು ಸಲ ಕಾಪಿ ಹೊಡೆಸುತ್ತಾರೆ ಅಂದರೆ ಬೇಡ. ದಿನಕ್ಕೆ 20 ನಿಮಿಷ ನೀವೇ ಕೂಡಿರಿ: ಹೊಸದು ಎರಡೇ ಅಕ್ಷರ, ಹಳೆಯದು ಹತ್ತು, ಮರಳಿನ ಮೇಲೆ ಬೆರಳಲ್ಲಿ ಬರೆಯಲಿ, ಬರೆಯುವಾಗ ಬಾಯಲ್ಲೂ ಹೇಳಲಿ. ಮುಗಿಯುವ ಮುಂಚೆ ಅವನಿಗೆ ಇಷ್ಟವಾದದ್ದನ್ನು ನೀವು ಓದಿ ಹೇಳಿ, ಕ್ರಿಕೆಟ್ ಸುದ್ದಿಯೇ ಆಗಲಿ.

ಧಾರವಾಡಕ್ಕೆ ಹೋಗುವಾಗ ಈ ವರ್ಷದ, ಹೋದ ವರ್ಷದ ನೋಟ್‌ಬುಕ್ ಎರಡನ್ನೂ ಒಯ್ಯಿರಿ. ಚೆಂದ ಕಾಣಲಿ ಅಂತ ರಬ್ಬರ್‌ನಿಂದ ಅಳಿಸಿ ಸರಿಮಾಡಿ ಬರೆಸಬೇಡಿ. ಅವರಿಗೆ ನೋಡಬೇಕಾದದ್ದು ಆ ತಪ್ಪುಗಳೇ.