ಊರಿಗೇ ಬಾರದ ಎಡಿಟರ್

ಪತ್ರ: ‘ಎರಡು ವರ್ಷ ಬಿಟ್ಟು ಬಿಟ್ಟು ಶೂಟ್ ಮಾಡಿ ನಮ್ಮಜ್ಜಿಯ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದೇನೆ. ದುಡ್ಡು ನನ್ನದು, ಕ್ಯಾಮೆರಾ ನನ್ನದು. ಎಡಿಟರ್ ನನ್ನ ಗೆಳೆಯನೇ, ಆದರೆ ಒಂದು ದಿನವೂ ಊರಿಗೆ ಬಂದಿಲ್ಲ. ಕೊನೆಯಲ್ಲಿದ್ದ ಅಜ್ಜಿಯ ಸಾವನ್ನು ಮೊದಲಿಗೇ ತಂದು ಕೂರಿಸಿದ್ದಾನೆ. ಈಗ ನಿರ್ದೇಶನದಲ್ಲಿ ತನ್ನ ಹೆಸರೂ ಬೇಕಂತೆ. ಇದು ನ್ಯಾಯವೇ?’
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಸಾಲ ಮಾಡಿದವರು ನೀವು, ಬಿಸಿಲಲ್ಲಿ ನಿಂತವರು ನೀವು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ‘ಒಂದು ದಿನವೂ ಊರಿಗೆ ಬಂದಿಲ್ಲ’ ಅಂದಿರಲ್ಲ, ನನ್ನ ತಕರಾರು ಅಲ್ಲೇ.

‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಎಡಿಟರ್‌ಗಳಲ್ಲಿ ಒಬ್ಬರಾದ ವಾಲ್ಟರ್ ಮರ್ಚ್, ಎಡಿಟರ್ ಆದವನು ಶೂಟಿಂಗ್ ಜಾಗದಿಂದ ದೂರ ಇರುವುದೇ ಒಳ್ಳೆಯದು ಅಂತ ಬರೆದಿದ್ದಾರೆ. ಬೆಳಗಿನ ಜಾವ ಗುಡ್ಡ ಹತ್ತಿ ತೆಗೆದ ಶಾಟ್, ಹತ್ತಿದವರಿಗೆ ಚೆನ್ನಾಗೇ ಕಾಣುತ್ತದೆ. ನೋಡುವವರಿಗೆ ಆ ಏದುಸಿರು ಎಲ್ಲಿ ಗೊತ್ತಾಗಬೇಕು? ನಿಮ್ಮ ಗೆಳೆಯ ಬಾರದೇ ಇದ್ದದ್ದೇ ಅವನ ಬಂಡವಾಳ.

ಇನ್ನು ಅಜ್ಜಿಯ ಸಾವಿನ ವಿಷಯ. ಅಮೆರಿಕದಲ್ಲಿ ಆಲ್ಬರ್ಟ್ ಮತ್ತು ಡೇವಿಡ್ ಮೇಸಲ್ಸ್ ಅಂತ ಸಾಕ್ಷ್ಯಚಿತ್ರ ಮಾಡುತ್ತಿದ್ದ ಅಣ್ಣತಮ್ಮಂದಿರು. ಒಬ್ಬರದು ಕ್ಯಾಮೆರಾ, ಇನ್ನೊಬ್ಬರದು ಧ್ವನಿ. 1969ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಸಂಗೀತ ತಂಡದ ಕಾರ್ಯಕ್ರಮ ಚಿತ್ರಿಸುತ್ತಿದ್ದಾಗ, ವೇದಿಕೆಯ ಹತ್ತಿರವೇ ಒಬ್ಬ ಯುವಕನ ಕೊಲೆಯಾಯಿತು. ನೀವಾಗಿದ್ದರೆ ಅದನ್ನು ಕೊನೆಗೆ ಇಡುತ್ತಿದ್ದಿರಿ, ಅಲ್ವಾ? ಅವರ ‘ಗಿಮ್ಮಿ ಶೆಲ್ಟರ್’ ಚಿತ್ರದಲ್ಲಿ ಆ ಸಾವಿನ ಸುದ್ದಿ ಶುರುವಿನಲ್ಲೇ ಬರುತ್ತದೆ. ಹಾಡುಗಾರರು ಎಡಿಟಿಂಗ್ ಮೇಜಿನ ಮುಂದೆ ಕೂತು, ತಮ್ಮದೇ ಕಾರ್ಯಕ್ರಮ ನೋಡುತ್ತಿರುತ್ತಾರೆ. ಆಮೇಲೆ ಬರುವ ಒಂದೊಂದು ಹಾಡಿಗೂ ಎದೆ ಹೊಡೆದುಕೊಳ್ಳುತ್ತದೆ. ಎಡಿಟ್ ಮಾಡಿದವರು ಶಾರ್ಲೆಟ್ ಜ್ವೆರಿನ್. 1970ರಲ್ಲಿ ಬಂದ ಆ ಚಿತ್ರದ ನಿರ್ದೇಶಕರು ಮೂವರು: ಅಣ್ಣ, ತಮ್ಮ ಮತ್ತು ಜ್ವೆರಿನ್. ಅವರದೇ 1975ರ ‘ಗ್ರೇ ಗಾರ್ಡನ್ಸ್’ ಚಿತ್ರದಲ್ಲೂ ಎಡಿಟರ್‌ಗಳಾದ ಎಲೆನ್ ಹೋವ್ಡಿ, ಮಫಿ ಮೇಯರ್ ನಿರ್ದೇಶಕರ ಸಾಲಿನಲ್ಲಿದ್ದಾರೆ. ಅದರಿಂದ ಮೇಸಲ್ಸ್ ಹೆಸರೇನೂ ಸಣ್ಣದಾಗಲಿಲ್ಲ.

ಎಲ್ಲ ಎಡಿಟರ್‌ಗೂ ಹೀಗೇ ಕೊಡಿ ಅನ್ನುತ್ತಿಲ್ಲ. ಬರೆದಿಟ್ಟ ಚಿತ್ರಕಥೆ ಇದ್ದರೆ ಮಾತು ಬೇರೆ. ನಿಮ್ಮ ಬಳಿ ಇದ್ದದ್ದು ಹಾರ್ಡ್ ಡಿಸ್ಕ್ ತುಂಬ ಅಜ್ಜಿ. ಕಥೆ ಹುಡುಕಿದವನು ಅವನು.

‘ನಾನೇ ಎಡಿಟ್ ಮಾಡಿಕೊಳ್ಳಬೇಕಿತ್ತು’ ಅಂತಲೂ ಬರೆದಿದ್ದೀರಿ. ಮಾಡಿಕೊಳ್ಳುವವರು ಇದ್ದಾರೆ. ‘ಅನೋರಾ’ ಚಿತ್ರದ ಶಾನ್ ಬೇಕರ್‌ಗೆ 2025ರಲ್ಲಿ ನಿರ್ದೇಶನಕ್ಕೂ ಎಡಿಟಿಂಗ್‌ಗೂ ಆಸ್ಕರ್ ಬಂತು. ಎಡಿಟಿಂಗ್ ಪ್ರಶಸ್ತಿ ಹಿಡಿದು ಅವರು ತಮಾಷೆ ಮಾಡಿದ್ದು ಯಾರನ್ನು ಗೊತ್ತಾ? ನಿರ್ದೇಶಕನನ್ನೇ! ತನ್ನನ್ನು ತಾನೇ ಹಾಗೆ ಬೈದುಕೊಳ್ಳಬಲ್ಲವರು ಲ್ಯಾಪ್‌ಟಾಪ್ ಮುಂದೆ ಒಬ್ಬರೇ ಕೂರಲಿ. ಉಳಿದವರು ಸುಮ್ನೆ ಇನ್ನೊಬ್ಬರ ಕೈಗೆ ಕೊಡುವುದು ವಾಸಿ.

ನನಗೆ ಯಾಕಿಷ್ಟು ಉರಿ? ನನ್ನ ಮೊದಲ ಪ್ರವಾಸ ಲೇಖನದಲ್ಲಿ ಬಸ್ ಹತ್ತಿದ್ದು, ಸೀಟು ಸಿಗದಿದ್ದದ್ದು ಅಂತ ಮೂರು ಪ್ಯಾರಾ ಇತ್ತು. ಆಗಿನ ಉಪಸಂಪಾದಕರೊಬ್ಬರು ಮೂರನ್ನೂ ಹೊಡೆದು ಹಾಕಿ ನಾಲ್ಕನೆಯದರಿಂದ ಶುರು ಮಾಡಿದರು. ವಾರಗಟ್ಟಲೆ ಸಿಟ್ಟಿನಲ್ಲಿದ್ದೆ. ‘ಶುರು ಎಷ್ಟು ಚೆನ್ನಾಗಿದೆ’ ಅಂತ ಓದುಗರು ಬರೆದಾಗ ಮಾತ್ರ ಹೊಗಳಿಕೆಯೆಲ್ಲ ನಾನೇ ಇಟ್ಟುಕೊಂಡೆ. ನಮ್ಮ ಕನ್ನಡ ಪುಸ್ತಕಗಳನ್ನೇ ನೋಡಿ. ಮುಖಪುಟದ ಕಲಾವಿದರ ಹೆಸರು ಇರುತ್ತದೆ, ಮುದ್ರಕರ ವಿಳಾಸ ಇರುತ್ತದೆ. ಹಸ್ತಪ್ರತಿ ತಿದ್ದಿದವರ ಹೆಸರು ಎಷ್ಟರಲ್ಲಿದೆ? ಈಗಂತೂ ತಿದ್ದಿಸುವುದೇ ಅವಮಾನ ಅನ್ನುವವರು ಜಾಸ್ತಿ. ಒಂದು ಅಲ್ಪವಿರಾಮ ತೆಗೆದರೂ ಫೋನ್ ಬರುತ್ತದೆ.

‘ನಿರ್ದೇಶನ’ ಅಂತ ಹಾಕಿ, ಕೆಳಗೆ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಹಾಕಿ. ‘ಸಹ ನಿರ್ದೇಶನ’ ಅಂತ ಮಾತ್ರ ಬೇಡ, ಗಾಂಧಿನಗರದಲ್ಲಿ ಅದು ಬೇರೆಯೇ ಕೆಲಸ. ಅಂದಹಾಗೆ, ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಕ್ಯಾಮೆರಾದ ಮಾಡೆಲ್ ನಂಬರ್ ಸಹಿತ ಎಲ್ಲ ಬರೆದಿದ್ದೀರಿ. ಗೆಳೆಯನ ಹೆಸರು ಮಾತ್ರ ಎಲ್ಲೂ ಇಲ್ಲ.